ಅವ್ವನ ಹೆಸರು ಒಪ್ಪದ ಖಾನೆ

ನಾನು ಮಾಡುವ ಕೆಲಸ ಏನೆಂದು ಅವ್ವನಿಗೆ ವಿವರಿಸಲು ನನಗೆ ಬಹಳ ಕಾಲ ಬರಲೇ ಇಲ್ಲ. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ 'ಆದೋನ್ಯಾಗ ಕಂಪ್ಯೂಟರ್ ಕೆಲಸ' ಎಂದು ಮುಗಿಸಿಬಿಡುತ್ತಿದ್ದ. ಅವ್ವ ಹಾಗೆ ಬಿಡುವವಳಲ್ಲ. ಒಂದು ಹಬ್ಬಕ್ಕೆ ಊರಿಗೆ ಹೋದಾಗ ರೊಟ್ಟಿ ತಟ್ಟುತ್ತಲೇ ಕೇಳಿದಳು. ಆಸ್ಪತ್ರೆಗೋ ಕಾಲೇಜಿಗೋ ಹೋದರೆ ಹೆಸರು, ಊರು, ವಯಸ್ಸು ತುಂಬುವ ಕಾಗದ ಕೊಡುತ್ತಾರಲ್ಲ, ಅದನ್ನು ಕಂಪ್ಯೂಟರಿನಲ್ಲೇ ತುಂಬುವಂತೆ ಮಾಡುತ್ತೇನೆ ಎಂದೆ. ಅವ್ವ ಸ್ವಲ್ಪ ಯೋಚಿಸಿ, "ಮಂದಿ ತಪ್ಪು ಬರದ್ರ?" ಎಂದಳು. ತಪ್ಪು ಬರೆದರೆ ಮುಂದಕ್ಕೆ ಬಿಡುವುದಿಲ್ಲ, ಕೆಂಪು ಅಕ್ಷರದಲ್ಲಿ ಹೇಳುತ್ತದೆ, ಹಾಗೆ ಹೇಳಿಸುವುದೇ ನನ್ನ ಕೆಲಸ ಎಂದೆ. ಬಹಳ ಹೆಮ್ಮೆಯಿಂದ ಹೇಳಿದೆ.

ನಮ್ಮೂರು ಆಂಧ್ರದ ಗಡಿಯಲ್ಲಿ, ಹೊಳಗುಂದದ ಹತ್ತಿರ. ಅಪ್ಪ ಅವ್ವ ಇಬ್ಬರೂ ಕೂಲಿಯಲ್ಲೇ ಬಾಳು ಕಳೆದವರು, ಈಗೀಗ ಒಂದಿಷ್ಟು ಹೊಲ ಗುತ್ತಿಗೆ ಹಿಡಿದು ಶೇಂಗಾ ಹಾಕುತ್ತಾರೆ. ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನಾನು ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಆದೋನಿಯ ಹಾಸ್ಟೆಲಿಗೆ ಬಂದೆ. ನನ್ನ ತೆಲುಗು ಕೇಳಿ ಹಾಸ್ಟೆಲಿನ ಹುಡುಗಿಯರು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದೇನಲ್ಲ, ನಗು ಬರುವಂತೆಯೇ ಇತ್ತು. ನಾನು ಮಾತು ಕಡಿಮೆ ಮಾಡಿ ಅವರ ಮಾತು ಕೇಳುತ್ತ ಕೂತೆ. ಡಿಗ್ರಿ ಮುಗಿಯುವ ಹೊತ್ತಿಗೆ ಅವರ ಹಾಗೆಯೇ ಮಾತಾಡುತ್ತಿದ್ದೆ. ಕೆಲಸಕ್ಕೆ ಸೇರಿದಾಗ ನಿನ್ನ ಮನೆಮಾತು ಯಾವುದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರು ಕೇಳಿದವರಿಗೆ ಕನ್ನಡದವರ ಹೊಳಗುಂದ ಎನ್ನದೆ 'ಆಲೂರು ಕಡೆ' ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಆದರೆ ನಿಜವನ್ನು ತಪ್ಪಿಸಲು ಹೇಳುತ್ತಿದ್ದ ಮಾತು.

ನಮ್ಮ ಆಫೀಸು ಹತ್ತಿ ಮಾರ್ಕೆಟ್ಟಿನ ಬೀದಿಯಲ್ಲಿ, ಒಂದು ಮಂಡಿಯ ಮೇಲಿನ ಮಹಡಿಯಲ್ಲಿದೆ. ಎರಡು ಕೋಣೆ. ಕೆಳಗೆ ಹತ್ತಿಯ ವ್ಯಾಪಾರ, ಮೇಲೆ ನಾವು. ಮಂಡಿಯೂ ಮಹಡಿಯೂ ನಮ್ಮ ಸಾರ್ ಅವರ ಮನೆತನದ್ದೇ. ವ್ಯಾಪಾರವನ್ನು ತಮ್ಮನಿಗೆ ಬಿಟ್ಟು ಅವರು ಮೊದಲು ಕಂಪ್ಯೂಟರ್ ಕೋಚಿಂಗ್ ನಡೆಸಿದರು, ಆಮೇಲೆ ಊರಿನ ಶಾಲೆ, ಕಾಲೇಜು, ಮದುವೆ ಹಾಲ್, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದರು. ಹಣೆಯ ಮೇಲೆ ವಿಭೂತಿ, ಮೆಲ್ಲನೆಯ ದನಿ. ನನ್ನೊಡನೆ ಅವರು ಆಡುತ್ತಿದ್ದುದು ತೆಲುಗು.

ಮೊದಮೊದಲು ನಾನು ಫಾರಂ ಮಾಡುತ್ತಿದ್ದ ರೀತಿ ನೆನೆದರೆ ಈಗ ನಗು ಬರುತ್ತದೆ. ಒಂದು ಶಾಲೆಗೆ ಮಾಡಿದ್ದನ್ನು ಹಾಗೇ ನಕಲು ಮಾಡಿ ಇನ್ನೊಂದಕ್ಕೆ ಅಂಟಿಸುವುದು, ಹೆಸರು ಬದಲಿಸುವುದು, ಬಣ್ಣ ಬದಲಿಸುವುದು, ಅಷ್ಟೇ. ಮೊಬೈಲ್ ನಂಬರು ಸರಿಯಿದೆಯೇ ಎಂದು ನೋಡುವ ಸಾಲುಗಳು ಪ್ರತಿ ಫಾರಂನಲ್ಲೂ ಬೇರೆಬೇರೆಯಾಗಿ ಕೂತಿದ್ದವು. ನಂಬರು ಏಳು, ಎಂಟು ಅಥವಾ ಒಂಬತ್ತರಿಂದ ಶುರುವಾದರೆ ಮಾತ್ರ ಒಪ್ಪುವಂತೆ ಬರೆದಿದ್ದೆ. ಒಮ್ಮೆ ಒಂದು ಶಾಲೆಯಿಂದ ಫೋನು ಬಂತು: ಆರರಿಂದ ಶುರುವಾಗುವ ನಂಬರಿನ ತಂದೆಯೊಬ್ಬ ಮಗನ ಅರ್ಜಿ ಹಾಕಲಾಗದೆ ಗೇಟಿನಲ್ಲಿ ಜಗಳಕ್ಕೆ ನಿಂತಿದ್ದಾನೆ ಎಂದು. ಅಲ್ಲಿ ಸರಿಮಾಡಿದೆ. ಮರುವಾರ ಇನ್ನೊಂದು ಕಡೆಯಿಂದ ಅದೇ ದೂರು. ಅಲ್ಲಿಯೂ ಸರಿಮಾಡಿದೆ. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಮದುವೆ ಹಾಲಿನವರು ಬಂದರು. ಆಗ ಸಾರ್ ನನ್ನನ್ನು ಕರೆದು, ಒಂದೇ ಹುಳುಕನ್ನು ಊರೆಲ್ಲ ಹಂಚಿಬಂದು ಮನೆಮನೆಗೆ ಹೋಗಿ ಕೀಳುತ್ತಿದ್ದೀಯಲ್ಲಮ್ಮಾ ಎಂದರು.

ಆ ಮೇಲೆ ನಾನು ಕಲಿತೆ. ಹೆಸರಿನ ಖಾನೆ, ನಂಬರಿನ ಖಾನೆ, ಹುಟ್ಟಿದ ದಿನದ ಖಾನೆ, ಹೀಗೆ ಒಂದೊಂದನ್ನೂ ಒಮ್ಮೆ ಚೆನ್ನಾಗಿ ಮಾಡಿಟ್ಟು ಬೇಕಾದ ಫಾರಂಗೆ ತಂದು ಕೂರಿಸುವುದು. ಅವಕ್ಕೆ ನಾವು ಕಾಂಪೊನೆಂಟ್ ಎನ್ನುತ್ತೇವೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಹಳೆಯ ಫಾರಂಗಳನ್ನೆಲ್ಲ ಬಿಚ್ಚಿ ಹೀಗೆ ಮತ್ತೆ ಕಟ್ಟಲು ಇಡೀ ಬೇಸಿಗೆ ಹಿಡಿಯಿತು. ಮುಗಿದಾಗ ನನಗೆ ಮನೆ ಗುಡಿಸಿ ಸಾರಿಸಿದಷ್ಟು ಸಮಾಧಾನವಾಯಿತು.

ಹೆಸರಿನ ಖಾನೆಯ ಕಟ್ಟುನಿಟ್ಟು ಬಂದದ್ದು ಒಂದು ಕಾಲೇಜಿನಿಂದ. ಅಲ್ಲಿಯ ಅರ್ಜಿಗಳಲ್ಲಿ ಯಾರೋ ಹುಡುಗರು ತಮಾಷೆಗೆ ಏನೇನೋ ಅಕ್ಷರ ಒತ್ತಿ ಕಳಿಸುತ್ತಿದ್ದರು. ಗುಮಾಸ್ತರು ಬೇಸತ್ತು ದೂರು ಹೇಳಿದರು. ನಾನು ಕೂತು ನಿಯಮ ಬರೆದೆ: ಹೆಸರಿನಲ್ಲಿ ಎರಡು ಪದವಾದರೂ ಇರಬೇಕು, ಒಂದು ಮನೆತನದ ಹೆಸರು, ಒಂದು ಸ್ವಂತದ್ದು. ಇಂಗ್ಲಿಷಿನಲ್ಲಿ ಇಷ್ಟಕ್ಕಿಂತ ಕಡಿಮೆ ಅಕ್ಷರ ಇರಬಾರದು. ತಂದೆಯ ಹೆಸರು ಖಾಲಿ ಬಿಡುವಂತಿಲ್ಲ. ತಪ್ಪಿದರೆ ಕೆಂಪಕ್ಷರದಲ್ಲಿ ತೆಲುಗಿನಲ್ಲಿ 'ಸರಿಯಾದ ಹೆಸರು ಬರೆಯಿರಿ' ಎಂದು ಬರುತ್ತದೆ. ಕಾಲೇಜಿನವರಿಗೆ ಬಹಳ ಮೆಚ್ಚಿಗೆಯಾಯಿತು. ಹತ್ತನೆಯ ಅಂಕಪಟ್ಟಿಯಲ್ಲಿ ಎಲ್ಲರಿಗೂ ಎರಡು ಪದದ ಹೆಸರು ಇರುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಂಕಪಟ್ಟಿಯೇ ಇಲ್ಲದವರು ಒಂದು ದಿನ ಆ ಖಾನೆಯ ಮುಂದೆ ನಿಂತಾರು ಎಂದು ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಅಂಥವರೇ ಇದ್ದರು, ಆದರೂ ಹೊಳೆಯಲಿಲ್ಲ.

ಆದೋನಿಯ ಒಂದು ಕಣ್ಣಿನ ಆಸ್ಪತ್ರೆಯವರು ಬಂದು ನೋಂದಣಿಯ ಫಾರಂ ಕೇಳಿದಾಗ ನಾನು ಇದ್ದ ಖಾನೆಗಳನ್ನೇ ತಂದು ಕೂರಿಸಿದೆ. 'ತಂದೆಯ ಹೆಸರು' ಎಂದಿದ್ದನ್ನು 'ತಂದೆ ಅಥವಾ ಗಂಡನ ಹೆಸರು' ಎಂದು ಮಾಡಿದೆ. ಇಷ್ಟು ಬೇಗ ಆಯಿತೇ ಎಂದು ಸಾರ್ ಖುಷಿಪಟ್ಟರು. ಶುರುವಾಗುವ ದಿನ ಕೌಂಟರಿನ ಪಕ್ಕದಲ್ಲಿ ಕೂತು ಎಲ್ಲ ಸರಿಯಾಗಿ ನಡೆಯುತ್ತದೆಯೇ ನೋಡಿ ಬಾ ಎಂದು ನನ್ನನ್ನೇ ಕಳಿಸಿದರು.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ಅದಕ್ಕೂ ಒಂದೆರಡು ವರ್ಷ ಮೊದಲು ಅವ್ವ ಒಮ್ಮೆ ಹೇಳದೆ ಕೇಳದೆ ನಮ್ಮ ಆಫೀಸಿಗೆ ಬಂದಿದ್ದಳು. ಹಸಿ ಶೇಂಗಾ ತುಂಬಿದ ಚೀಲ ತಲೆಯ ಮೇಲಿತ್ತು. ಮಂಡಿಯ ಹಮಾಲರು ಕೆಳಗಿನಿಂದ ನನ್ನ ಹೆಸರು ಕೂಗಿದರು. ನಾನು ಓಡಿಬಂದು ಮೆಟ್ಟಿಲ ಬುಡದಲ್ಲೇ ಚೀಲ ಇಳಿಸಿಕೊಂಡೆ. ಅಲ್ಲೇ ನಿಂತು ಮಾತಾಡಿಸಿದೆ, ಬೀದಿಯಾಚೆ ಚಹಾ ಕುಡಿಸಿದೆ, ಬಸ್ಸು ಹತ್ತಿಸಿದೆ. ಮೇಲೆ ಬಾ ಎನ್ನಲಿಲ್ಲ. ಅವ್ವ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಆಫೀಸಿನ ಕಡೆಗೆ ಅವಳು ಬರಲೇ ಇಲ್ಲ. ಅವಳು ಅದನ್ನು ಮರೆತಿದ್ದಾಳೆ ಎಂದು ನಾನು ತಿಳಿದಿದ್ದೆ.

ಆಸ್ಪತ್ರೆಯಲ್ಲಿ ಆ ದಿನ ಬೆಳಗಿನಿಂದಲೇ ಜನ. ಬಿಟ್ಟಿ ತಪಾಸಣೆಯ ದಿನವಾದ್ದರಿಂದ ಸುತ್ತಲಿನ ಹಳ್ಳಿಗಳಿಂದ ಬಂದಿದ್ದರು. ನಂದವರಂ ಕಡೆಯವರು, ಹೊಳೆದಂಡೆಯ ನಾಗಲದಿನ್ನೆಯವರು, ನಮ್ಮ ಕಡೆಯವರು. ಕೌಂಟರಿನಲ್ಲಿದ್ದ ಹುಡುಗಿ ಚುರುಕು. ಅವಳು ನನ್ನನ್ನು 'ಅಕ್ಕಾ' ಎನ್ನುತ್ತಿದ್ದಳು. ನಾನು ಅವಳ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿಯ ಚೂಡಿದಾರ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕೂತಿದ್ದೆ. ಮೊದಲು ಬಂದವರೆಲ್ಲ ಸಲೀಸಾಗಿ ದಾಟಿದರು. ಒಬ್ಬ ಮುದುಕನಿಗೆ ಮೊಬೈಲ್ ಇರಲಿಲ್ಲ. ಹುಡುಗಿ ಹಿಂದೆಮುಂದೆ ನೋಡದೆ ಹತ್ತು ಸಲ ಒಂಬತ್ತು ಒತ್ತಿ ಮುಂದಕ್ಕೆ ಕಳಿಸಿದಳು. ನಾನು ನೋಡಿಯೂ ಸುಮ್ಮನಿದ್ದೆ.

ಆಗ ಬಾಗಿಲಲ್ಲಿ ಅವ್ವ ಕಂಡಳು.

ಸುಗ್ಗಿ ಮುಗಿದ ಮೇಲೆ ಕಣ್ಣು ತೋರಿಸಿಕೊಳ್ಳುತ್ತೇನೆ ಎಂದು ಅವಳು ಹೇಳಿದ್ದು ನಿಜ. ಬರುವ ದಿನ ಹೇಳಿರಲಿಲ್ಲ. ಮನೆಯಲ್ಲಿ ಇರುವುದೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಮದುವೆಗಳಿಗೆ ಉಡುವ ಹಸಿರು ಸೀರೆ ಉಟ್ಟು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಕಾಲಿಗೆ ಅಪ್ಪನ ಚಪ್ಪಲಿ. ಬಾಗಿಲಲ್ಲಿ ನಿಂತು ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು, ಒಂದು ಗಳಿಗೆ ಅಲ್ಲೇ ನಿಂತಿತು, ಹಾಗೇ ಗೋಡೆಯ ಕಡೆಗೆ ಸರಿಯಿತು. ಹೋಗಿ ಬೆಂಚಿನ ತುದಿಯಲ್ಲಿ ಕೂತಳು.

ನಾನು ಏಳಲಿಲ್ಲ. ಅವಳಿಗೆ ಪೊರೆ ಬಂದಿದೆ, ನನ್ನನ್ನು ಕಂಡಿಲ್ಲ ಎಂದುಕೊಂಡೆ. ಈ ಸಾಲು ಸ್ವಲ್ಪ ಕರಗಲಿ, ಎದ್ದು ಹೋಗಿ ಮಾತಾಡಿಸುತ್ತೇನೆ ಎಂದುಕೊಂಡೆ. ಸಾಲು ಕರಗಿತು. ಇನ್ನೊಬ್ಬರು ಹೋಗಲಿ ಎಂದುಕೊಂಡೆ. ಆಸ್ಪತ್ರೆಯ ಮ್ಯಾನೇಜರ್ ಬಂದು ನನ್ನೊಡನೆ ನಿಂತು ಮಾತಾಡಿದರು. ನಾನು ತೆಲುಗಿನಲ್ಲಿ ನಗುನಗುತ್ತ ಉತ್ತರ ಕೊಟ್ಟೆ. ನನ್ನ ದನಿ ಅವ್ವನ ತನಕ ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಚೀಲದ ಗಂಟು ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಅವಳ ಸರದಿ ಬಂತು. ಕೌಂಟರಿನ ಮುಂದೆ ಬಂದು ನಿಂತು ಹುಡುಗಿಯನ್ನು ಮಾತ್ರ ನೋಡಿದಳು. ಹುಡುಗಿ ಹೆಸರು ಕೇಳಿದಳು. ಅವ್ವ ಹೇಳಿದಳು. ಅದು ಎರಡಕ್ಷರದ ಹೆಸರು, ನಮ್ಮೂರ ಗಡಿಯಲ್ಲಿರುವ ದೇವಿಯದು. ಈಗ ಯಾರೂ ಹೆಣ್ಣುಮಕ್ಕಳಿಗೆ ಇಡುವುದಿಲ್ಲ. ಹುಡುಗಿ ಒತ್ತಿದಳು, ಖಾನೆ ಕೆಂಪಾಯಿತು.

"ಪೂರ್ತಿ ಪೇರು ಚೆಪ್ಪಮ್ಮಾ," ಎಂದಳು ಹುಡುಗಿ.

ಅವ್ವ ಮತ್ತೆ ಅದೇ ಎರಡಕ್ಷರ ಹೇಳಿದಳು. ಪೂರ್ತಿ ಹೆಸರೇ ಅದಾಗಿತ್ತು. ಹುಡುಗಿ ಆಧಾರ್ ಕಾರ್ಡು ಕೇಳಿದಳು. ಅವ್ವ ಚೀಲದಿಂದ ತೆಗೆದು ಕೊಟ್ಟಳು. ಅದರ ಮುಂಬದಿಯಲ್ಲೂ ಅಷ್ಟೇ ಇತ್ತು, ಹಿಂಬದಿಯ ಅಕ್ಷರ ಅಳಿಸಿಹೋಗಿತ್ತು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಹುಡುಗಿಗೆ ರೇಗಿತು. ಪರದೆಯ ಮೇಲೆ ಬಂದ ಕೆಂಪಕ್ಷರವನ್ನೇ ಗಟ್ಟಿಯಾಗಿ ಓದಿ, ಸರಿಯಾದ ಹೆಸರು ಹೇಳು ಎನ್ನುತ್ತಿದೆ ನೋಡು, ಇದು ಸರಿಯಾದ ಹೆಸರಲ್ಲ, ಮನೆಯಲ್ಲಿ ಕರೆಯುವ ಹೆಸರು ಬೇಡ ಎಂದಳು. ಆ ಕೆಂಪಕ್ಷರ ಬರೆದವಳು ನಾನು. ಬೇರೆಯವಳ ಬಾಯಲ್ಲಿ, ನನ್ನ ಅವ್ವನ ಮುಖಕ್ಕೆ, ಅದು ಹಾಗೆ ಕೇಳಿಸುತ್ತದೆ ಎಂದು ಆಗ ಗೊತ್ತಾಯಿತು.

ಹುಡುಗಿ ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು. ಅಕ್ಕಾ, ತೊಗೊಳ್ಳುತ್ತಿಲ್ಲ, ನೀವೇ ನೋಡಿ ಎಂದಳು.

ಎಲ್ಲರೂ ನನ್ನನ್ನು ನೋಡುತ್ತಿದ್ದರು, ಅವ್ವ ಬಿಟ್ಟು. ಆ ಗಳಿಗೆಯಲ್ಲಾದರೂ ಎದ್ದು ನಿಂತು 'ಅವ್ವಾ' ಎಂದುಬಿಟ್ಟಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ನಾನು ಕೀಲಿಮಣೆಯ ಮೇಲೆ ಕೈಯಿಟ್ಟು, ನನ್ನ ಒಳ್ಳೆಯ ತೆಲುಗಿನಲ್ಲಿ, "ಮೀ ಪೇರೇಮಮ್ಮಾ?" ಎಂದು ನನ್ನ ಹೆತ್ತವಳ ಹೆಸರು ಕೇಳಿದೆ.

ಅವ್ವ ತನ್ನ ಹೆಸರು ಹೇಳಿದಳು. ಹೇಳಿ, "ಅಷ್ಟೇ ಐತ್ರಿ ಮೇಡಮ್," ಎಂದಳು.

ರೀ ಹಚ್ಚಿ ಮಾತಾಡಿದಳು, ಮೇಡಮ್ ಎಂದಳು. ಕಣ್ಣೆತ್ತದೆ ಅವಳ ಹೆಸರನ್ನೇ ಎರಡು ಸಲ ಒತ್ತಿದೆ. ನನ್ನ ನಿಯಮಕ್ಕೆ ಎರಡು ಪದ ಬೇಕಿತ್ತು, ಸಿಕ್ಕಿತು. ಖಾನೆ ಹಸಿರಾಯಿತು. ಕೂಡಲೇ ಕೆಳಗಿನದು ಕೆಂಪಾಯಿತು: ತಂದೆ ಅಥವಾ ಗಂಡನ ಹೆಸರು.

ಹುಡುಗಿ ಅದನ್ನು ಅವ್ವನಿಗೆ ಕೇಳಿದಳು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ರೇಷನ್ ಅಂಗಡಿಯಲ್ಲಿ, ಮತ ಹಾಕುವಲ್ಲಿ, ಎಲ್ಲೆಲ್ಲೂ ಪಕ್ಕದಲ್ಲಿ ಯಾರಾದರೂ ಇದ್ದು ಹೇಳುತ್ತಿದ್ದರು. ಹೆಚ್ಚಾಗಿ ನಾನೇ ಹೇಳುತ್ತಿದ್ದೆ. ಸಣ್ಣವಳಿದ್ದಾಗ ಅವಳ ಸೆರಗು ಹಿಡಿದು ನಿಂತು, ಅಪ್ಪನ ಹೆಸರನ್ನು ಕಿರುಚಿ ಹೇಳುವುದೇ ನನ್ನ ಕೆಲಸವಾಗಿತ್ತು. ಈಗ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ಹುಡುಗಿ ಯಾವ ದೇವರ ಹೆಸರು, ಅದನ್ನಾದರೂ ಹೇಳಮ್ಮ ಎಂದಳು. ಅವ್ವ ಮೊದಲ ಸಲ ನನ್ನ ಕಡೆ ನೋಡಿದಳು. ಏನನ್ನೂ ಬೇಡುವ ನೋಟವಲ್ಲ ಅದು. ಹೇಗಾದರೂ ಇದನ್ನು ಮುಗಿಸು ಎನ್ನುವಂತೆ ನೋಡಿದಳು.

ನನ್ನ ಬೆರಳುಗಳು ಅಪ್ಪನ ಹೆಸರು ಒತ್ತಿದವು. ಒತ್ತುತ್ತಿದ್ದೇನೆ ಎಂಬುದೇ ನನಗೆ ತಿಳಿಯಲಿಲ್ಲ. ಮುಂದಿನ ಖಾನೆಯಲ್ಲಿ ಊರಿನ ಹೆಸರೂ ಒತ್ತಿದೆ. ಆಗ ಹುಡುಗಿ ಪರದೆ ನೋಡಿ ನನ್ನ ಕಡೆ ತಿರುಗಿದಳು.

"ಅಕ್ಕಾ, ಆಮೆ ಚೆಪ್ಪಲೇದು ಕದಾ?"

ಅವಳು ಹೇಳಲೇ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದಳು. ನನಗೆ ಸುಳ್ಳು ಹುಡುಕಲು ಹೊತ್ತು ಇರಲಿಲ್ಲ, ಇದ್ದಿದ್ದರೆ ಹುಡುಕುತ್ತಿದ್ದೆನೋ ಏನೋ. ಅದನ್ನು ಈಗಲೂ ಖಂಡಿತವಾಗಿ ಹೇಳಲಾರೆ.

"ಮಾ ಅಮ್ಮ," ಎಂದೆ.

ಹುಡುಗಿ ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಎದ್ದು ತನ್ನ ಕುರ್ಚಿಯನ್ನೇ ಕೌಂಟರಿನ ಆಚೆಗೆ ತಂದು ಅವ್ವನನ್ನು ಕೂರಿಸಿದಳು. ತಪ್ಪಾಯಿತಮ್ಮಾ, ಗೊತ್ತಾಗಲಿಲ್ಲ ಎಂದು ಅವಳ ಕೈ ಹಿಡಿದಳು, ಒಳಗಿನಿಂದ ನೀರು ತಂದು ಕೊಟ್ಟಳು. ಅವಳು ಮಾಡಿದ ತಪ್ಪು ದೊಡ್ಡದೇನಲ್ಲ. ಪರದೆಯಲ್ಲಿ ಬಂದದ್ದನ್ನು ಓದಿದ್ದಳು, ಅಷ್ಟೇ. ಆದರೂ ಅವಳಿಗೆ ಕ್ಷಮೆ ಕೇಳುವುದು ಬಂತು. ನಾನು ಕುರ್ಚಿಗೆ ಅಂಟಿಕೊಂಡು ಪರದೆ ನೋಡುತ್ತ ಕೂತಿದ್ದೆ. ನೀರು ಕುಡಿದು ಅವ್ವ ನನಗೆ ಕನ್ನಡದಲ್ಲಿ, ಇರಲಿ ಬಿಡು, ನೀ ಕೆಲಸ ನೋಡು, ಮಂದಿ ಕಾಯಾಕತ್ತಾರ ಎಂದಳು. ನಾನು ಮುಂದಿನವರ ಹೆಸರು ಕೇಳಿದೆ.

ಅವಳ ಒಂದು ಕಣ್ಣಿಗೆ ಪೊರೆ ಚೆನ್ನಾಗಿ ಬಲಿತಿತ್ತು. ಆಪರೇಷನ್ನಿಗೆ ಮುಂದಿನ ವಾರ ಬರಲು ಹೇಳಿದರು. ಆ ಸಂಜೆ ಅವಳನ್ನು ನನ್ನ ಮನೆಗೆ ಕರೆದುಕೊಂಡು ಹೋದೆ. ಮನೆಯವರು, ಅಂದರೆ ನನ್ನ ಗಂಡ, ನಂದವರಂನಲ್ಲಿ ಮಂಡಲ ಆಫೀಸಿನ ಕೆಲಸದಲ್ಲಿದ್ದಾರೆ, ಆ ದಿನ ಬರುವುದು ತಡವಿತ್ತು. ಅವ್ವ ಚೀಲದಿಂದ ಶೇಂಗಾ ಚಟ್ನಿ ತೆಗೆದಳು. ಇಬ್ಬರೂ ಉಣ್ಣಲು ಕೂತೆವು. ಬಹಳ ಹೊತ್ತು ಹೊಲದ ಮಾತು, ಆಡು ಈದ ಮಾತು. ಕೊನೆಗೆ ನಾನೇ ಕೇಳಿದೆ, ಬಾಗಿಲಲ್ಲಿ ನಿಂತಾಗ ನಾನು ನಿನಗೆ ಕಾಣಲಿಲ್ಲವೇ ಎಂದು. ಕಾಣಲಿಲ್ಲ ಎಂದು ಅವಳು ಹೇಳಲಿ ಎಂದು ಆಸೆಪಟ್ಟೆ.

"ಒಂದು ಕಣ್ಣು ಚಲೋ ಐತಲ್ಲವ್ವಾ, ಕಾಣದೇನು? ನೀ ಕುರ್ಚಿ ಮ್ಯಾಲ ಕುಂತಿದ್ದಿ. ನನ್ನ ನೋಡಿದ್ರ ನಿನಗ ಆ ಮಂದಿ ಮರ್ಯಾದಿ ಕೊಡ್ತಿದ್ರೇನು? ಅವತ್ತು ಹತ್ತಿ ಮಂಡ್ಯಾಗ ಮೆಟ್ಲ ಹತ್ತಿರ ನಾ ತಿಳ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಹೊತ್ತು ತಿಳಿದುಕೊಂಡವರ ಹಾಗೆ ಹೇಳಿದಳು. ನಾನು ಕಲಿಸಿದ್ದನ್ನು ಅವಳು ಸರಿಯಾಗಿ ಕಲಿತಿದ್ದಳು. ಅವ್ವ ನನ್ನ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿ ಇನ್ನೊಂದು ಮಾತು ಕೇಳಿದಳು.

"ನನ್ನ ಹೆಸರಿನ್ಯಾಗ ಏನು ತಪ್ಪೈತಿ?"

ತಪ್ಪು ನಿನ್ನ ಹೆಸರಿನಲ್ಲಿ ಇಲ್ಲ, ಆ ಖಾನೆಯಲ್ಲಿದೆ, ಅದನ್ನು ಮಾಡಿದವಳು ನಾನೇ ಎಂದೆ. ಅವಳು ನಂಬಲಿಲ್ಲ. ಅಷ್ಟು ಓದಿದ ನೀನು ತಪ್ಪು ಮಾಡುತ್ತೀಯೇನು ಎಂದು ನಕ್ಕಳು. ಆಪರೇಷನ್ ದಿನ ಆಧಾರ್ ಕಾರ್ಡಿನಲ್ಲಿ ಹೆಸರು ಉದ್ದ ಮಾಡಿಸಿಕೊಂಡು ಬರಬೇಕೇ ಎಂದು ಕೇಳಿದಳು. ಅದನ್ನು ನಿಜವಾಗಿಯೂ ಕೇಳಿದಳು.

ಮರುದಿನ ಆಫೀಸಿಗೆ ಹೋಗಿ ಬೇರೆ ಕೆಲಸ ಮುಟ್ಟಲಿಲ್ಲ. ಮದುವೆ ಹಾಲಿಗೆ, ಶಾಲೆಗಳಿಗೆ, ಉಳಿದ ಕಡೆಗೆ ಈ ತನಕ ಬಂದ ಅರ್ಜಿಗಳನ್ನು ತೆಗೆದು ನೋಡಿದೆ. ನಿನ್ನೆ ನಾನು ಅವ್ವನಿಗೆ ಮಾಡಿದ್ದನ್ನು ಬಹಳ ಜನ ಆಗಲೇ ಕಂಡುಕೊಂಡಿದ್ದರು. ಹೆಸರಿನ ಮುಂದೆ ಚುಕ್ಕಿ. ಹೆಸರಿನ ಮುಂದೆ ಊರು. ಒಂದೇ ಹೆಸರು ಎರಡೆರಡು ಸಲ. ಬಹುಪಾಲು ಹೆಂಗಸರು. ಕೌಂಟರುಗಳಲ್ಲಿ ಕೂತವರು ಹೇಗೋ ಮುಂದಕ್ಕೆ ದೂಡಿದ್ದರು, ಯಾರೂ ನನಗೆ ದೂರು ಹೇಳಿರಲಿಲ್ಲ. ದೂರು ಬರದಿದ್ದುದರಿಂದ ಖಾನೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನಾನು ತಿಳಿದಿದ್ದೆ.

ಸಾರ್ ಬಂದಾಗ ಇದನ್ನು ತೋರಿಸಿದೆ. ಹೆಸರಿನ ನಿಯಮ ತೆಗೆಯಬೇಕು ಎಂದೆ. ಅವರು ಒಪ್ಪಲಿಲ್ಲ. ಕಾಲೇಜಿನವರು ಅದಕ್ಕಾಗಿಯೇ ನಮ್ಮನ್ನು ಮೆಚ್ಚಿದ್ದು, ತೆಗೆದರೆ ಮತ್ತೆ ಹುಡುಗರ ಆಟ ಶುರುವಾಗುತ್ತದೆ ಎಂದರು. ಅದೂ ನಿಜವೇ. ನಾನು ಅರ್ಧ ದಿನ ಕೂತು ಯೋಚಿಸಿದೆ. ಮಾಡಬೇಕಾದ್ದು ಕಷ್ಟವೇನಿರಲಿಲ್ಲ. ಹೆಸರಿನ ಖಾನೆ ಬರೀ ಹೆಸರು ತೆಗೆದುಕೊಳ್ಳಲಿ. ಎಷ್ಟು ಪದ ಬೇಕು, ಖಾಲಿ ಬಿಡಬಹುದೇ ಎಂಬುದನ್ನು ಅದನ್ನು ಕರೆಸಿಕೊಂಡ ಫಾರಂ ಹೇಳಲಿ. ಕಾಲೇಜು ತನ್ನ ನಿಯಮ ತಾನು ಇಟ್ಟುಕೊಳ್ಳಲಿ, ಆಸ್ಪತ್ರೆಗೆ ಅದು ಬೇಡ. ನಾನು ಕಾಲೇಜಿನ ನಿಯಮವನ್ನು ಖಾನೆಯ ಹೊಟ್ಟೆಯೊಳಗೇ ಹೊಲಿದಿದ್ದೆ. ಅದಕ್ಕೇ ಅದು ಹೋದಲ್ಲೆಲ್ಲ ಕಾಲೇಜಿನ ಗುಮಾಸ್ತನ ಹಾಗೆ ವರ್ತಿಸುತ್ತಿತ್ತು.

ಹೀಗೆ ಎಂದು ವಿವರಿಸಿದಾಗ ಸಾರ್ ತಲೆಯಾಡಿಸಿದರು. ಇದು ಈಗ ಹೇಗೆ ಹೊಳೆಯಿತು ಎಂದು ಕೇಳಿದರು. ನಾನು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದೆ. ಎಲ್ಲವನ್ನೂ ಅಲ್ಲ. ನಮ್ಮ ತಾಯಿಯ ಹೆಸರು ಕೂರಲಿಲ್ಲ ಎಂದೆ, ಹೊಳಗುಂದದ ಹತ್ತಿರದ ಊರು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕನ್ನಡದವರಾ ನೀವು? ನಮ್ಮ ಮನ್ಯಾಗೂ ಕನ್ನಡಾನ ಅಲ್ಲೇನ್ರಿ," ಎಂದರು.

ಅಷ್ಟು ವರ್ಷ ಅವರು ನನ್ನನ್ನು ಏಕವಚನದಲ್ಲೇ ಕರೆದಿದ್ದರು. ಆ ಮಾತಿನಲ್ಲಿ ಯಾಕೋ ಬಹುವಚನ ಬಂತು, ಬೇರೆ ಯಾರನ್ನೋ ಹೊಸದಾಗಿ ಮಾತಾಡಿಸಿದ ಹಾಗೆ. ತಮ್ಮ ತಾಯಿಯೂ ಪೇಟೆಗೆ ಬಂದರೆ ತೆಲುಗು ಬಾರದೆ ಕೈಸನ್ನೆ ಮಾಡುತ್ತಿದ್ದರು ಎಂದರು. ನಾನು ಹೇಳದೆ ಉಳಿಸಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ ತಿಳಿಯದು. ಕೆಂಪಕ್ಷರದ ಮಾತುಗಳನ್ನೂ ಆ ವಾರವೇ ಬದಲಿಸಿದೆ. ತಪ್ಪು, ಸರಿ ಎನ್ನುವುದನ್ನೆಲ್ಲ ತೆಗೆದೆ. ಹೆಸರು ಇದ್ದ ಹಾಗೇ ಬರೆಯಿರಿ, ಫೋನ್ ಇಲ್ಲದಿದ್ದರೆ ಬಿಡಿ, ಗಂಡನ ಹೆಸರಿನ ಜಾಗದಲ್ಲಿ ಜೊತೆಗೆ ಬಂದವರಿದ್ದರೆ ಅವರ ಹೆಸರು ಎಂದು ಬರೆದೆ. ತೆಲುಗಿನ ಕೆಳಗೆ ಕನ್ನಡದಲ್ಲೂ ಹಾಕಿದೆ. ಆಸ್ಪತ್ರೆಯವರು ಅದನ್ನು ಕೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಶಾಲೆಯ ಹಳೆಯ ಫಾರಂ ಮಾತ್ರ ನಕಲು ಮಾಡಿ ಅಂಟಿಸಿದ ಕಾಲದ್ದು, ಆ ಬೇಸಿಗೆಯಲ್ಲಿ ನನ್ನ ಕಣ್ತಪ್ಪಿ ಈ ಖಾನೆಗೆ ಸೇರದೆ ಹೊರಗೇ ಉಳಿದಿದೆ. ಅದನ್ನು ಬಿಚ್ಚಿ ಕಟ್ಟುವ ಕೆಲಸ ಇನ್ನೂ ಆಗಿಲ್ಲ.

ಅವ್ವನ ಆಪರೇಷನ್ ಚೆನ್ನಾಗಿ ಆಯಿತು. ನಾನೇ ಜೊತೆಗಿದ್ದೆ. ಕೆಲವು ದಿನ ನನ್ನ ಮನೆಯಲ್ಲೇ ಇಟ್ಟುಕೊಂಡು ಕಣ್ಣಿಗೆ ಹನಿ ಹಾಕಿದೆ, ಆಮೇಲೆ ಊರಿಗೆ ಬಿಡಲು ಹೋದೆ.

ಅಂಗಳದಲ್ಲಿ ಶೇಂಗಾ ಬಳ್ಳಿಯ ಗುಡ್ಡೆ ಬಿದ್ದಿತ್ತು. ಓಣಿಯ ನಾಕೈದು ಹೆಂಗಸರು ಕೂತು ಕಾಯಿ ಬಿಡಿಸುತ್ತಿದ್ದರು. ಅಪ್ಪ ಮಂಚದ ಮೇಲಿದ್ದ. ಅವ್ವ ಕರಿ ಕನ್ನಡಕ ಹಾಕಿಕೊಂಡು ನಡುವೆ ಕೂತು ಕಥೆ ಹೇಳಿದಳು: ಎಷ್ಟು ಮಂದಿ ಇದ್ದರು, ಎಂಥ ನುಣ್ಣನೆಯ ನೆಲ, ಮಗಳು ಎಂಥ ಜಾಗದಲ್ಲಿ ಕೂತಿದ್ದಳು. ಗಂಡನ ಹೆಸರು ಹೇಳು ಅಂದರು, ನಾನು ಹ್ಯಾಂಗ ಹೇಳಲಿ? ನಾನು ಬಾಯಿ ಬಿಡೂದ್ರಾಗ ಮಗಳು ತಾನೇ ಬರೆದುಬಿಟ್ಟಳು. ಎಲ್ಲರ ಮುಂದೆ ನಮ್ಮವ್ವ ಅಂದಳು, ಕುರ್ಚಿ ಹಾಕಿಸಿದಳು. ಇಷ್ಟನ್ನೇ ಹೇಳಿದಳು. ನಡುವಿನದನ್ನು ಎತ್ತಲೇ ಇಲ್ಲ.

ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತನ್ನ ಹೆಸರು ಆದೋನಿಯ ಕಂಪ್ಯೂಟರಿನಲ್ಲಿ ಮಗಳ ಕೈಯಿಂದ ಕೂತಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೆಂಗಸರು ಇಂಥ ಮಗಳು ಇರಬೇಕು ಎಂದರು. ನಾನು ತಡೆಯಲಾರದೆ, "ಅಪ್ಪಾ, ಅದು ಹಂಗಲ್ಲ," ಎಂದೆ.

ಅವ್ವ ನನ್ನ ಮಾತು ಮುಗಿಯಲು ಬಿಡಲಿಲ್ಲ. ಚಹಾ ಆರುತ್ತದೆ ಕುಡಿ ಎಂದಳು. ನಾನು ಲೋಟ ಎತ್ತಿಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ, ನಾಳೆ ನಾನೂ ಕಣ್ಣು ತೋರಿಸಲು ಬರುತ್ತೇನೆ, ನಮ್ಮ ಮನೆಯವರ ಹೆಸರು ನಿನಗೆ ಗೊತ್ತೇನು ಎಂದು ಕೇಳಿದಳು. ಅವಳ ಗಂಡನನ್ನು ಊರೆಲ್ಲ ಕರೆಯುತ್ತಿದ್ದುದು ಅಡ್ಡ ಹೆಸರಿನಿಂದ. ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅಪ್ಪನಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನಿಗೆ ಗೊತ್ತು, ಆದರೆ ಹೇಳುವಂತಿಲ್ಲ. ಎಲ್ಲರೂ ಬಿದ್ದುಬಿದ್ದು ನಕ್ಕರು.

ಅದು ಬೇಕಾಗುವುದಿಲ್ಲ, ಈಗ ಅದನ್ನು ಖಾಲಿ ಬಿಡಬಹುದು ಎಂದು ನಾನು ಹೇಳಿದೆ. ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಂಜೆಯ ಬಸ್ಸಿಗೆ ಅವ್ವ ದಾರಿಯ ತನಕ ಬಂದಳು. ಕಣ್ಣಿಗೆ ಧೂಳು ಬೀಳುತ್ತದೆ, ಮನೆಗೆ ಹೋಗು ಎಂದರೂ ಕೇಳದೆ ನಿಂತಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾವೂರು ಎಂದು ತೆಲುಗಿನಲ್ಲಿ ಕೇಳಿದರು. 'ಆಲೂರು ಕಡೆ' ಎನ್ನದೆ ನಮ್ಮೂರಿನ ಹೆಸರನ್ನೇ ಹೇಳಿದೆ. ಅವರು ಸರಿ ಎಂದು ಕಿಟಕಿಯ ಕಡೆ ತಿರುಗಿದರು.